ಫ್ಯಾಮಿಲಿ ಗ್ರೂಪ್: ಗೆಲುವು ಆಡಿದವರದ್ದಾ, ಆರಿಸಿದವರದ್ದಾ?

ಕಾರ್ಕ್ ಅಣ್ಣ: 📷 ಇದು ನಮ್ಮ ಕಾರ್ಕ್ ಏರ್‌ಪೋರ್ಟ್‌ನಲ್ಲಿರುವ ಪ್ರತಿಮೆ. ಕ್ರಿಸ್ಟಿ ರಿಂಗ್ ಅಂತ, ಹರ್ಲಿಂಗ್ ಆಟಗಾರ. 1941ರಿಂದ 1954ರೊಳಗೆ ಕಾರ್ಕ್ ತಂಡದಲ್ಲಿ ಆಡಿ 8 ಸಲ ಆಲ್ ಐರ್ಲೆಂಡ್, ಅಂದರೆ ಇಡೀ ಐರ್ಲೆಂಡ್ ಚಾಂಪಿಯನ್‌ಶಿಪ್, ಗೆದ್ದವರು. ಆಮೇಲೆ ಸೆಲೆಕ್ಟರ್ ಆಗಿ ಇನ್ನೂ 3, 1976, 77, 78. ಸಂಬಳ ಅಂತ ಒಂದು ಪೈಸೆ ಇಲ್ಲ. ಹೊಟ್ಟೆಪಾಡಿಗೆ ಎಣ್ಣೆ ಲಾರಿ ಓಡಿಸುತ್ತಿದ್ದರು.

ಮೈಸೂರು ಮಾವ: ಆ 8 ಒಪ್ಪಿದೆ. ಆ 3 ಯಾಕಪ್ಪ ಇವರ ಖಾತೆಗೆ ಹಾಕಿದೆ? ಸೆಲೆಕ್ಟರ್ ಏನು ಮೈದಾನಕ್ಕೆ ಇಳಿದು ಗೋಲು ಹೊಡೆದರಾ?

ಅತ್ತೆ: ಮೊದಲು ಅದು ಏನು ಆಟ ಅಂತ ಹೇಳೋ. ಹಾಕಿ ತರಹಾನಾ?

ಕಾರ್ಕ್ ಅಣ್ಣ: ನೋಡೋಕೆ ಹಾಗೇ ಅನ್ನಿಸುತ್ತೆ ಅತ್ತೆ, ಆದರೆ ಚೆಂಡು ಜಾಸ್ತಿ ಹೊತ್ತು ಗಾಳಿಯಲ್ಲೇ ಇರುತ್ತೆ. ಒಂದು ಕಡೆ 15 ಜನ. ಆಶ್ ಮರದ ಕೋಲು, ತುದಿ ಅಗಲ. ಚೆಂಡು ಕೈಯಲ್ಲೂ ಹಿಡಿಯಬಹುದು. ಬಾರ್ ಕೆಳಗೆ ಬಲೆಗೆ ಹೋದರೆ ಗೋಲು, 3 ಪಾಯಿಂಟ್. ಬಾರ್ ಮೇಲೆ ಹೋದರೆ 1. ರಿಂಗ್ ಕಾಲದಲ್ಲಿ ಹೆಲ್ಮೆಟ್ಟೂ ಇರಲಿಲ್ಲ, ಎಲ್ಲರಿಗೂ ಕಡ್ಡಾಯ ಆಗಿದ್ದೇ 2010ರಲ್ಲಿ.

ಅತ್ತೆ: ದೇವರೇ. ಹಲ್ಲು ಉಳಿಯುತ್ತಿತ್ತಾ?

ಪುಟ್ಟಿ: ಅಣ್ಣಾ, ನಾನು ಮಾವನ ಪಾರ್ಟಿ. ಆ 3 ವರ್ಷ ಕೋಚ್ ಬೇರೆಯವರು, ಬರ್ಟಿ ಟ್ರಾಯ್ ಅಂತ ಒಬ್ಬ ಪಾದ್ರಿ. ಸೆಲೆಕ್ಟರ್‌ಗಳೂ ನಾಲ್ಕಾರು ಜನ. ಪ್ರತಿಮೆ ಇರುವವರ ಲೆಕ್ಕಕ್ಕೇ ಎಲ್ಲಾ ಜಮಾ ಆದರೆ ಹೇಗೆ?

ಕಾರ್ಕ್ ಅಣ್ಣ: ಅವರೊಬ್ಬರೇ ಗೆಲ್ಲಿಸಿದರು ಅಂತ ನಾನೆಲ್ಲಿ ಅಂದೆ? ಆದರೆ 1976ರ ಫೈನಲ್ ನೋಡು. ಮೊದಲ ಕೆಲವೇ ನಿಮಿಷಕ್ಕೆ ವೆಕ್ಸ್‌ಫರ್ಡ್ 2 ಗೋಲು 2 ಪಾಯಿಂಟ್, ಕಾರ್ಕ್ ಸೊನ್ನೆ. ಅಲ್ಲಿಂದ ಮೇಲೆದ್ದು ಕಾರ್ಕ್ ಗೆದ್ದಿತು, 2 ಗೋಲು 21 ಪಾಯಿಂಟ್‌ಗೆ 4 ಗೋಲು 11 ಪಾಯಿಂಟ್ (2-21, 4-11), ಒಟ್ಟು 27ಕ್ಕೆ 23. ಆ ದಿನ ಜಿಮ್ಮಿ ಬ್ಯಾರಿ ಮರ್ಫಿಯನ್ನು ಸೆಂಟರ್ ಫಾರ್ವರ್ಡ್‌ಗೆ ತಂದರು, ಆಟವೇ ತಿರುಗಿತು. ಆ ಬದಲಾವಣೆ ಬಂದದ್ದು ಬೆಂಚಿನಿಂದ. ಆಟಗಾರ ತನ್ನನ್ನು ತಾನೇ ಜಾಗ ಬದಲಿಸಿಕೊಳ್ಳಲ್ಲ ಅಲ್ವಾ ಮಾವ?

ಮೈಸೂರು ಮಾವ: ಅದೇ ಫೈನಲ್‌ನಲ್ಲಿ 10 ಪಾಯಿಂಟ್ ಹೊಡೆದದ್ದು ಪ್ಯಾಟ್ ಮೊಯ್ಲನ್. ನಾನೂ ಈಗ ತಾನೇ ಓದಿದೆ. ಅವರ ಪ್ರತಿಮೆ ಫೋಟೋ ಯಾಕೆ ಕಳಿಸಲಿಲ್ಲ?

ಪುಟ್ಟಿ: 😂😂

ನಾನು: ಮಾವ, ಇನ್ನೊಂದು ಕಡೆಯಿಂದ ನೋಡಿ. ಕಾರ್ಕ್‌ನಲ್ಲಿ ಆಗ ಕ್ಯಾಪ್ಟನ್ ಯಾರು ಅಂತ ಹೇಳುತ್ತಿದ್ದದ್ದೇ ಜಿಲ್ಲಾ ಚಾಂಪಿಯನ್ ಕ್ಲಬ್. ಹಾಗಾಗಿ 3 ವರ್ಷಕ್ಕೆ 3 ಕ್ಯಾಪ್ಟನ್, ಬೇರೆ ಬೇರೆ ಕ್ಲಬ್‌ನವರು. ಬ್ಲ್ಯಾಕ್‌ರಾಕ್‌ನ ರೇ ಕಮಿನ್ಸ್, ಗ್ಲೆನ್ ರೋವರ್ಸ್‌ನ ಮಾರ್ಟಿನ್ ಓ'ಡೋಹರ್ಟಿ, ಸೇಂಟ್ ಫಿನ್‌ಬಾರ್ಸ್‌ನ ಚಾರ್ಲಿ ಮೆಕಾರ್ಥಿ. ವರ್ಷವಿಡೀ ಕ್ಲಬ್ ಪಂದ್ಯದಲ್ಲಿ ಒಬ್ಬರ ಮೇಲೊಬ್ಬರು ಬಿದ್ದು ಆಡುವ ಹುಡುಗರಲ್ಲಿ 15 ಜನರನ್ನು ಆರಿಸಿ, ಮಿಕ್ಕವರಿಗೆ ನೀನಿಲ್ಲ ಅಂತ ಮುಖ ಕೊಟ್ಟು ಹೇಳೋದು, ಅದೂ ರಿಂಗ್ ತಾವೇ ಗ್ಲೆನ್ ರೋವರ್ಸ್‌ನವರಾಗಿದ್ದು, ಸುಮ್ನೆ ಆಗೋ ಕೆಲಸ ಅಲ್ಲ. ಕಾಸು ಸಿಗದ ಆಟದಲ್ಲಿ ಹುಡುಗನಿಗೆ ಸಿಗೋದೇ ಆ ಜಾಗ. ಅದನ್ನೂ ಕಿತ್ತುಕೊಳ್ಳಬೇಕು. ನನಗಂತೂ ಆ 8ಕ್ಕಿಂತ ಈ 3 ಕಷ್ಟದ್ದು ಅನ್ನಿಸುತ್ತೆ.

ಮೈಸೂರು ಮಾವ: ಅತಿಯಾಯ್ತು ಕಣೋ. ಮದುವೆ ಲಿಸ್ಟ್ ಮಾಡೋವಾಗಲೂ ಜನರನ್ನು ಬಿಡಬೇಕಾಗುತ್ತೆ, ಅದಕ್ಕೆ ಯಾರೂ ಪ್ರತಿಮೆ ಇಡಲ್ಲ.

ಅತ್ತೆ: ಅದಕ್ಕೂ ಇಡಬೇಕು. ನಿಮ್ಮ ತಮ್ಮನ ಮದುವೆ ಲಿಸ್ಟ್ ನಾನೇ ಮಾಡಿದ್ದು.

ಕಾರ್ಕ್ ಅಣ್ಣ: ಮಾವ, ಒಂದು ಲೆಕ್ಕ ಹೇಳಲಾ? ರಿಂಗ್ ತೀರಿಕೊಂಡದ್ದು 1979 ಮಾರ್ಚ್ 2, ಕಾರ್ಕ್ ಬೀದಿಯಲ್ಲೇ ಹೃದಯಾಘಾತ, 58 ವರ್ಷ. ಅದೇ ವರ್ಷ ಸೆಮಿಫೈನಲ್‌ನಲ್ಲಿ ಗಾಲ್ವೇ ಕೈಯಲ್ಲಿ ಕಾರ್ಕ್ ಸೋತಿತು. ನಾಲ್ಕನೇದು ಬರಲಿಲ್ಲ.

ಪುಟ್ಟಿ: ಅದೇ ವರ್ಷ ಕಾರ್ಕ್ ಮನ್‌ಸ್ಟರ್ ಪ್ರಾಂತ್ಯದ ಚಾಂಪಿಯನ್‌ಶಿಪ್ ಗೆದ್ದಿದೆ ಅಣ್ಣ, ಅವರಿಲ್ಲದೇ. ಸತತ 5ನೇ ಸಲ. ಬೇಕಾದ ಮ್ಯಾಚ್ ಮಾತ್ರ ಎತ್ತಿ ತೋರಿಸಬೇಡ.

ಮೈಸೂರು ಮಾವ: ಭಲೇ ಪುಟ್ಟಿ 👏

ನಾನು: ಪುಟ್ಟಿ ಹೇಳಿದ್ದು ಸರಿ, ಆ ಲೆಕ್ಕ ನಿಲ್ಲಲ್ಲ. ಒಂದು ಸೋಲಿನಿಂದ ಏನೂ ಸಾಬೀತಾಗಲ್ಲ. ಹಾಗೇ ಮಾವ, ಗೋಲು ಹೊಡೆಯಲಿಲ್ಲ ಅನ್ನೋದರಿಂದಲೂ ಆಗಲ್ಲ. 1956ರ ಫೈನಲ್ ತಗೊಳ್ಳಿ. ಗೆದ್ದಿದ್ದರೆ ರಿಂಗ್‌ಗೆ 9ನೇದು, ಅಲ್ಲಿವರೆಗೆ ಯಾರಿಗೂ ಇರಲಿಲ್ಲ. ಕೊನೆ ಕೊನೆಯಲ್ಲಿ ರಿಂಗ್ ಹೊಡೆತ ಬಲೆಗೆ ಹೋಗೋದಿತ್ತು, ವೆಕ್ಸ್‌ಫರ್ಡ್ ಗೋಲ್‌ಕೀಪರ್ ಆರ್ಟ್ ಫೋಲಿ ತಡೆದರು. ರಿಂಗ್ ಮುಂದೆ ಹೋಗಿ ಅವರ ಕೈ ಕುಲುಕಿದರು. ಆ ಕಡೆ ನಿಕಿ ರ‍್ಯಾಕರ್ಡ್ ಗೋಲು ಹೊಡೆದು ಕಥೆ ಮುಗಿಸಿದರು. 2-14ಕ್ಕೆ 2-8. ಪಂದ್ಯ ಮುಗಿದ ಮೇಲೆ ಗೆದ್ದ ವೆಕ್ಸ್‌ಫರ್ಡ್‌ನ ನಿಕ್ ಓ'ಡೊನೆಲ್, ಬಾಬಿ ರ‍್ಯಾಕರ್ಡ್ ಇಬ್ಬರೂ ಸೋತ ರಿಂಗ್‌ನ ಹೆಗಲ ಮೇಲೆ ಹೊತ್ತುಕೊಂಡು ಮೈದಾನದಿಂದ ಹೊರಟರು. ಇದು ಯಾವ ಮೆಡಲ್ ಲೆಕ್ಕಕ್ಕೂ ಬರಲ್ಲ. ಹಾಗಂತ ಬಿಟ್ಟುಬಿಡೋಕಾಗುತ್ತಾ?

ಮೈಸೂರು ಮಾವ: ಇದು ಚೆನ್ನಾಗಿದೆ. ನಮ್ಮ ವಿಶ್ವನಾಥ್ 1980ರಲ್ಲಿ ಅಂಪೈರ್ ಔಟ್ ಕೊಟ್ಟ ಮೇಲೂ ಇಂಗ್ಲೆಂಡ್‌ನ ಬಾಬ್ ಟೇಲರ್‌ನ ವಾಪಸ್ ಕರೆದ ಹಾಗೆ. ಆ ಟೆಸ್ಟ್ ಸೋತೆವು ಕೂಡ.

ಪುಟ್ಟಿ: ಅವರೂ ಆಮೇಲೆ ಸೆಲೆಕ್ಟರ್ ಆಗಿದ್ದರು ಮಾವ 😏

ಮೈಸೂರು ಮಾವ: ವಿಶಿ ವಿಷಯ ಬೇರೆ.

ಪುಟ್ಟಿ: ಹೇಗೆ ಬೇರೆ?? ನಾನು ಪಾರ್ಟಿ ಬದಲಾಯಿಸಿದೆ.

ಕಾರ್ಕ್ ಅಣ್ಣ: 1979ರಲ್ಲಿ ಸಮಾಧಿ ಹತ್ತಿರ ಮಾತಾಡಿದ್ದು ಜಾಕ್ ಲಿಂಚ್. ಆಗ ಪ್ರಧಾನಿ, ಮೊದಲು ರಿಂಗ್ ಜೊತೆ ಅದೇ ಕಾರ್ಕ್ ತಂಡದಲ್ಲಿ ಆಡಿದವರು. ಕಾರ್ಕ್‌ನಲ್ಲಿ ಮೈದಾನಕ್ಕೂ ರಿಂಗ್ ಹೆಸರು, ಸೇತುವೆಗೂ. 2005ರಿಂದ ಕ್ರಿಸ್ಟಿ ರಿಂಗ್ ಕಪ್ ಅಂತ ಟೂರ್ನಿಯೂ ಇದೆ, ಮೊದಲ ಸಾಲಿಗೆ ಏರದ ತಂಡಗಳಿಗೆ.

ಮೈಸೂರು ಮಾವ: ಕೆಳಗಿನ ತಂಡಗಳಿಗಾ? ಅಷ್ಟು ದೊಡ್ಡವರ ಹೆಸರು?

ನಾನು: ಈಗ ದೊಡ್ಡವರಾದರಾ ಮಾವ?

ಮೈಸೂರು ಮಾವ: ಆ 8ಕ್ಕೆ ಕಣೋ. 3ರ ಬಗ್ಗೆ ನಾಳೆ ಮಾತಾಡೋಣ, ಊಟಕ್ಕೆ ಕರೀತಿದಾರೆ.