ಸಹಾಯ ಬೇಕು: ಜರ್ಮನಿಯಿಂದ ಹಣ ಬರಬೇಕು, ಯಾವ ಸ್ವಿಫ್ಟ್ ಕೋಡ್ ಕೊಡಲಿ?

ಎಲ್ಲರಿಗೂ ನಮಸ್ಕಾರ. ನಾನು ಮದ್ದೂರು ಹತ್ತಿರದ ಹಳ್ಳಿಯವಳು. ಅಪ್ಪನಿಗೆ ಮುಂದಿನ ವಾರ ಮೈಸೂರಿನಲ್ಲಿ ಮಂಡಿ ಆಪರೇಷನ್ ಇದೆ. ಜರ್ಮನಿಯಲ್ಲಿರುವ ತಮ್ಮ ನನ್ನ ಖಾತೆಗೆ ಹಣ ಹಾಕಬೇಕು. ಅದಕ್ಕೆ ಸ್ವಿಫ್ಟ್ ಕೋಡ್ ಬೇಕು, ಅಂದರೆ ವಿದೇಶದಿಂದ ಹಣ ಕಳಿಸುವಾಗ ಬ್ಯಾಂಕನ್ನು ಗುರುತಿಸುವ ಕೋಡ್.

ಪಾಸ್‌ಬುಕ್ಕಿನಲ್ಲಿದ್ದ 11 ಅಕ್ಷರದ ಕೋಡ್ ಕಳಿಸಿದೆ. ಅವನ ಬ್ಯಾಂಕ್ ತಗೊಳ್ಳಲಿಲ್ಲ. ಅದು ಐಎಫ್‌ಎಸ್‌ಸಿ ಅಂತೆ, ದೇಶದೊಳಗಿನ ವರ್ಗಾವಣೆಗೆ ಮಾತ್ರ. ಸ್ವಿಫ್ಟ್, ಐಎಫ್‌ಎಸ್‌ಸಿ ಎರಡೂ 11 ಅಕ್ಷರ ಇರಬಹುದಾದ್ದರಿಂದ ಗೊತ್ತೇ ಆಗಲಿಲ್ಲ. ಐಎಫ್‌ಎಸ್‌ಸಿಯಲ್ಲಿ ಐದನೆಯದು ಯಾವಾಗಲೂ ಸೊನ್ನೆ. ಸ್ವಿಫ್ಟ್ ಕೋಡ್‌ನಲ್ಲಿ ಮೊದಲ 4 ಅಕ್ಷರ ಬ್ಯಾಂಕಿನದು, ಆಮೇಲೆ 2 ದೇಶದ್ದು, ನಮಗಾದರೆ ಐಎನ್, ಮತ್ತೆ 2 ಊರಿನದು, ಕೊನೆಯ 3 ಶಾಖೆಯದು, ಆ 3 ಇಲ್ಲದೆ ಬರೀ 8 ಅಕ್ಷರವೂ ಇರಬಹುದು.

ತೊಂದರೆ ಏನಂದರೆ ನಮ್ಮ ಶಾಖೆಗೆ ಸ್ವಂತ ಸ್ವಿಫ್ಟ್ ಕೋಡೇ ಇಲ್ಲ. ಕೌಂಟರಿನಲ್ಲಿ ಮೈಸೂರಿನ ದೊಡ್ಡ ಶಾಖೆಯದು ಕೊಡಿ ಅಂದರು. ಸಹಾಯವಾಣಿಯವರು ಮುಖ್ಯ ಕಚೇರಿಯದು ಸಾಕು ಅಂದರು. ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಮೂರು ಬೇರೆ ಬೇರೆ ಕೋಡ್ ಸಿಕ್ಕಿತು, ಸುಮ್ನೆ ಯಾವುದೋ ಒಂದು ಹಾಕಿಬಿಟ್ಟು ಹಣ ಎಲ್ಲೋ ಸಿಕ್ಕಿಕೊಂಡರೆ ವಾಪಸ್ ಬರಲು ಎಷ್ಟು ದಿನವೋ ಅಂತ ಭಯ.

ಮಂಡ್ಯ, ಮೈಸೂರು ಕಡೆ ಹೀಗೆ ಹಣ ತರಿಸಿಕೊಂಡವರು ದಯವಿಟ್ಟು ಹೇಳಿ. ಬೇರೆ ಶಾಖೆಯ ಕೋಡ್ ಕೊಟ್ಟರೂ ಖಾತೆ ನಂಬರ್ ನೋಡಿ ನಮ್ಮ ಶಾಖೆಗೇ ಜಮಾ ಮಾಡ್ತಾರಾ? ಫಾರಂನಲ್ಲಿ ಐಬ್ಯಾನ್ (ಯುರೋಪ್ ಮುಂತಾದ ಕಡೆ ಬಳಸುವ ಅಂತರರಾಷ್ಟ್ರೀಯ ಖಾತೆ ಸಂಖ್ಯೆ) ಕೂಡ ಕೇಳಿದೆ. ಭಾರತದ ಖಾತೆಗಳಿಗೆ ಅದು ಇಲ್ಲ ಅಲ್ವಾ, ಆ ಜಾಗದಲ್ಲಿ ಬರೀ ಖಾತೆ ನಂಬರ್ ಹಾಕಿದರೆ ಸಾಕಾ? ಹಣ ದಾಟಿಸುವ ಮಧ್ಯದ ಬ್ಯಾಂಕ್ ಶುಲ್ಕ ಅಂತ ಎಷ್ಟು ಹಿಡಿದುಕೊಂಡಿತು ಅನ್ನೋದನ್ನೂ ತಿಳಿಸಿ, ಆಸ್ಪತ್ರೆಗೆ ಕಟ್ಟುವಾಗ ಕಡಿಮೆ ಬೀಳಬಾರದು. ಖಾತೆ ನಂಬರ್ ಇಲ್ಲಿ ಹಾಕಲ್ಲ, ಯಾರೂ ಕೇಳಬೇಡಿ. ತಮ್ಮ ಸೋಮವಾರ ಕಳಿಸ್ತಾನೆ, ಅಷ್ಟರೊಳಗೆ ಗೊತ್ತಾಗಬೇಕು.