ಫೋನ್ ಕ್ಯಾಮೆರಾ ಆಟದಲ್ಲಿ ಅಪ್ಪನ ಅಂಕ ಏರುತ್ತಿದೆ, ಕೈ ಸುಧಾರಿಸಿದೆ ಅಂತ ನಂಬಬಹುದಾ?

ಪ್ರಶ್ನೆ: ದಾವಣಗೆರೆ ಮಗಳು
ಸ್ಟ್ರೋಕ್ ಆದಮೇಲೆ ಅಪ್ಪನ ಬಲಗೈಯಲ್ಲಿ ಶಕ್ತಿ ಇಲ್ಲ. ಸುಮ್ನೆ ಕೈ ಎತ್ತಿ ಇಳಿಸಿ ಅಂದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಈಗ ಫೋನ್ ಮುಂದೆ ಕೂತು, ಪರದೆಯಲ್ಲಿ ಬರುವ ಬಲೂನ್ ಒಡೆಯುವ ಆಟವನ್ನು ತಾವೇ ಕೇಳಿ ಆಡುತ್ತಾರೆ. ಅಂಕ ದಿನಾ ಏರುತ್ತಿದೆ. ಆದರೆ ನೀರಿನ ಲೋಟ ಹಿಡಿಯಲು ಇನ್ನೂ ಆಗುತ್ತಿಲ್ಲ. ಮೇಲಿನ ಬಲೂನ್ ಬಂದಾಗ ಬಲಭುಜವನ್ನು ಕಿವಿಯವರೆಗೆ ಎತ್ತಿ, ಇಡೀ ಮೈಯನ್ನು ಎಡಕ್ಕೆ ವಾಲಿಸುತ್ತಾರೆ. ಆಟ ಅದಕ್ಕೂ ಅಂಕ ಕೊಡುತ್ತದೆ! ಮುಂದುವರಿಸಲಾ?

ಉತ್ತರ: ಫಿಸಿಯೋ, ಮೈಸೂರು
ನೀವು ಗಮನಿಸಿದ್ದೇ ಮುಖ್ಯ ವಿಷಯ ಮೇಡಂ. ಭುಜ, ಮೊಣಕೈ ಮಾಡಬೇಕಾದ ಕೆಲಸವನ್ನು ಸೊಂಟ ಮಾಡುತ್ತಿದೆ. ಹೀಗೇ ಬಿಟ್ಟರೆ ಅದೇ ರೂಢಿಯಾಗುತ್ತದೆ. ಆಟ ನಿಲ್ಲಿಸಬೇಡಿ, ಅಪ್ಪನಿಗೆ ಹುಮ್ಮಸ್ಸು ಬಂದಿದೆ ಅಲ್ವಾ, ಅದು ಸುಲಭಕ್ಕೆ ಸಿಗುವುದಿಲ್ಲ. ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಬೆನ್ನು ಒರಗಿಗೆ ತಾಗಿಯೇ ಇರಲಿ. ಬಲೂನ್‌ಗಳು ಎದೆಮಟ್ಟಕ್ಕಿಂತ ಮೇಲೆ ಬರದ ಹಾಗೆ ಸೆಟ್ಟಿಂಗ್ ಇದ್ದರೆ ಹಾಗೆ ಇಡಿ. ಭುಜ ನೋಯುತ್ತದೆ ಅಂದರೆ ತಕ್ಷಣ ನಿಲ್ಲಿಸಿ. ಸೋತ ಕೈಯನ್ನು ಯಾರೂ ಹಿಡಿದು ಎಳೆಯಬಾರದು.

ಇನ್ನು ಲೋಟ. ಅದಕ್ಕೆ ಬೆರಳು ಬಿಚ್ಚಬೇಕು, ಮಣಿಕಟ್ಟು ನಿಲ್ಲಬೇಕು. ಬಲೂನ್ ಒಡೆಯಲು ಎರಡೂ ಬೇಕಿಲ್ಲ. ಆಟ ಮುಗಿದ ಕೂಡಲೇ ಖಾಲಿ ಸ್ಟೀಲ್ ಲೋಟ ಕೊಟ್ಟು ಹಿಡಿಯುವುದನ್ನು, ಬಿಡುವುದನ್ನು ಬೇರೆಯಾಗಿಯೇ ಮಾಡಿಸಿ.

ಉತ್ತರ: ಆ್ಯಪ್ ಬರೆಯುವವ, ಬೆಂಗಳೂರು
ಇಂಥ ಕೆಲವು ಆಟಗಳು ಗೂಗಲ್‌ನ ಮೀಡಿಯಾಪೈಪ್ ಥರದ, ಕ್ಯಾಮೆರಾ ಚಿತ್ರದಿಂದ ಮೈಯ ಭಂಗಿ ಗುರುತಿಸುವ ಸಾಫ್ಟ್‌ವೇರ್ ಬಳಸುತ್ತವೆ. ಅದು ಮೈಮೇಲೆ 33 ಬಿಂದು ಗುರುತಿಸುತ್ತದೆ. ಭುಜ, ಸೊಂಟ ಎರಡೂ ಅದರಲ್ಲಿವೆ, ಹಾಗಾಗಿ ಮೈ ವಾಲಿದರೆ ಅಂಕ ಕೊಡದ ಹಾಗೆ ಬರೆಯಬಹುದು. ನಿಮ್ಮ ಆಟ ಮಣಿಕಟ್ಟು ಎಲ್ಲಿ ಮುಟ್ಟಿತು ಅಂತ ಮಾತ್ರ ನೋಡುತ್ತಿರಬೇಕು. ಬೆರಳಿನ ವಿವರಕ್ಕೆ 21 ಬಿಂದುಗಳ ಬೇರೆ ಮಾದರಿಯೇ ಇದೆ.

ಮೈಕ್ರೋಸಾಫ್ಟ್‌ನ ಹಳೆಯ ಆಟದ ಕ್ಯಾಮೆರಾ ಕಿನೆಕ್ಟ್, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಿಂದ ದೂರ ಅಳೆಯುತ್ತಿತ್ತು. ಫೋನಿನ ಒಂದೇ ಕ್ಯಾಮೆರಾ ದೂರವನ್ನು ಅಂದಾಜು ಮಾಡುತ್ತದೆ ಅಷ್ಟೆ. ಮುಂದಕ್ಕೆ ಬಾಗಿದ್ದು ಎದುರಿನಿಂದ ಸರಿಯಾಗಿ ತಿಳಿಯುವುದಿಲ್ಲ. ಬೆನ್ನ ಹಿಂದೆ ಕಿಟಕಿ ಇದ್ದರೆ, ಹೆಗಲ ಮೇಲೆ ಶಲ್ಯ ಇದ್ದರೆ ಬಿಂದುಗಳು ಕುಣಿಯುತ್ತವೆ.

ದಾವಣಗೆರೆ ಮಗಳು
ಶಲ್ಯ ಇಲ್ಲದೆ ಅಪ್ಪ ಕೂರುವುದೇ ಇಲ್ಲ ಸರ್! ಇವತ್ತಿಂದ ತೆಗೆಸುತ್ತೇನೆ. ಮೇಡಂ, ಅಂಕಪಟ್ಟಿಯನ್ನು ನಮ್ಮ ಫಿಸಿಯೋಗೆ ಕಳಿಸಲಾ?

ಫಿಸಿಯೋ, ಮೈಸೂರು
ಅಂಕ ಬೇಡ. ಆಡುವಾಗ ಇನ್ನೊಂದು ಫೋನಿನಲ್ಲಿ ಪಕ್ಕದಿಂದ ಒಂದು ನಿಮಿಷ ವಿಡಿಯೋ ಮಾಡಿ ಕಳಿಸಿ. ಬೆನ್ನು, ಭುಜ, ಬೆರಳು ಮೂರೂ ಕಾಣಬೇಕು.