ಸಹಾಯ ಬೇಕು: ನರಮೇಧದಲ್ಲಿ ಸೇನಾಧಿಕಾರಿಯ ಹೊಣೆಗೆ ಅರಿವು ಸಾಕೇ, ಉದ್ದೇಶವೂ ಬೇಕೇ?

ಪ್ರಬಂಧವೊಂದನ್ನು ಬರೆಯುತ್ತಾ ವಾರದಿಂದ ಒಂದೇ ಕಡೆ ಸಿಕ್ಕಿಬಿದ್ದಿದ್ದೇನೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು. 1948ರ ನರಮೇಧ ಒಪ್ಪಂದದ 2ನೇ ವಿಧಿಯ ಪ್ರಕಾರ, ಒಂದು ಗುಂಪನ್ನು ಪೂರ್ಣವಾಗಿಯೋ ಭಾಗಶಃವೋ ನಾಶಮಾಡುವ ಉದ್ದೇಶವಿಲ್ಲದೆ ಎಷ್ಟೇ ಕೊಲೆಗಳಾದರೂ ಅದು ನರಮೇಧವೆನಿಸುವುದಿಲ್ಲ. ಆದರೆ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯವನ್ನು ಸ್ಥಾಪಿಸಿದ ರೋಮ್ ಶಾಸನದ 28ನೇ ವಿಧಿಯು, ಕೈಕೆಳಗಿನವರ ಕೃತ್ಯ ಸೇನಾಧಿಕಾರಿಗೆ ‘ತಿಳಿದಿರಬೇಕಾಗಿತ್ತು’ ಎನ್ನುವಂತಿದ್ದು ಆತ ಅದನ್ನು ತಡೆಯದಿದ್ದರೂ ಹೊಣೆಗಾರನೆನ್ನುತ್ತದೆ. ಹಾಗಾದರೆ ಅಜಾಗರೂಕತೆಯಿಂದಲೂ ನರಮೇಧದ ಅಪರಾಧಿಯಾಗಬಹುದೆಂದಾಯಿತು, ನನಗಂತೂ ಇದು ವಿಚಿತ್ರವಾಗಿ ಕಾಣುತ್ತಿದೆ.

ಹಿಂದಿನ ಯುಗೊಸ್ಲಾವಿಯದ ಯುದ್ಧಾಪರಾಧಗಳನ್ನು ವಿಚಾರಿಸಿದ ಅಂತರರಾಷ್ಟ್ರೀಯ ನ್ಯಾಯಮಂಡಳಿಯ ತೀರ್ಪುಗಳನ್ನೂ ನೋಡಿದೆ. ಬೋಸ್ನಿಯದ ಸರ್ಬ್ ನಾಯಕ ಬ್ರಜಾನಿನ್ ಪ್ರಕರಣದ 2004ರ ತೀರ್ಪು, ಕೈಕೆಳಗಿನವರ ಉದ್ದೇಶ ಮೇಲಧಿಕಾರಿಗೆ ತಿಳಿದಿದ್ದರೆ ಅಥವಾ ತಿಳಿಯಲು ಕಾರಣವಿದ್ದರೆ ಸಾಕು, ಅದು ಅವನಲ್ಲೂ ಇರಬೇಕಿಲ್ಲ ಎನ್ನುತ್ತದೆ.

ನನ್ನ ಪ್ರಶ್ನೆ ಇಷ್ಟೇ: 28ನೇ ವಿಧಿಯಡಿ ಅಧಿಕಾರಿಯ ಮೇಲೆ ಹೊರಿಸುವುದು ನರಮೇಧದ ಅಪರಾಧವನ್ನೋ, ಅದನ್ನು ತಡೆಯದ ಕರ್ತವ್ಯಲೋಪವನ್ನೋ?